ಗಾಡಿ ನಿಂತಿದ್ದು ಹೇಗೆ?

ಚಿಕ್ಕಮಗಳೂರಿನಲ್ಲಿ ಹಳೆ ಜೀಪು, ಹಳೆ ಕಾರು ಇಟ್ಟುಕೊಂಡವರು ಒಂದು ಭಾನುವಾರ ಸೇರಿದ್ದಾಗ ನಾನು ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನಗೆ ನಿಂತು ಭಾಷಣ ಮಾಡಿ ಅಭ್ಯಾಸವಿಲ್ಲ. ಬಾನೆಟ್ ಒಳಗೆ ತಲೆ ಹಾಕಿಕೊಂಡು ಮಾತಾಡಿಯೇ ಅಭ್ಯಾಸ. ಒಳಗೆ ಬರುವಾಗ ಹೊರಗೆ ನಿಂತ ಗಾಡಿಗಳನ್ನೆಲ್ಲ ನೋಡಿಕೊಂಡು ಬಂದೆ. ಜೀಪುಗಳೇ ಜಾಸ್ತಿ. ಎರಡು ಫಿಯಟ್, ಒಂದು ಅಂಬಾಸಿಡರ್ ಇವೆ. ಗೇಟಿನ ಪಕ್ಕದ ಹಸಿರು ಜೀಪಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಯಾರದ್ದೋ ಗೊತ್ತಿಲ್ಲ. ನನ್ನ ಮಾತು ಮುಗಿಯುವ ತನಕ ಕಾಯಬೇಡಿ, ಈಗಲೇ ಎದ್ದು ಹೋಗಿ ನೋಡಿ.

ನಮ್ಮ ಶೆಡ್ಡಿಗೆ ಬರುವ ಹಳೆ ಗಾಡಿಗಳಲ್ಲಿ ಹೆಚ್ಚಿನವು ಎರಡೇ ದೂರು ಹೊತ್ತು ಬರುತ್ತವೆ. ಎಳೆಯುತ್ತಿಲ್ಲ, ಇಲ್ಲವೇ ಓಡುತ್ತಾ ಓಡುತ್ತಾ ಆಫ್ ಆಗುತ್ತದೆ. ಜೊತೆಗೆ ಓನರ್ ಮನೆಯಲ್ಲೇ ಕಾಯಿಲೆಯ ಹೆಸರನ್ನೂ ಇಟ್ಟುಕೊಂಡು ಬಂದಿರುತ್ತಾರೆ. "ಕಾರ್ಬೊರೇಟರ್ ಹೋಗಿದೆ, ಸರಿ ಮಾಡಿಕೊಡಿ." ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಈ ಕಾರ್ಬೊರೇಟರಿನಷ್ಟು ಸುಮ್ನೆ ಬೈಸಿಕೊಳ್ಳುವ ಸಾಮಾನು ಗಾಡಿಯಲ್ಲಿ ಇನ್ನೊಂದಿಲ್ಲ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಗಾಡಿ ನಿಂತಿದ್ದು ಹೇಗೆ?

ಹೇಗೆ ಅಂದರೆ, ಟಕ್ಕಂತ ನಿಂತಿತೋ, ಒದ್ದಾಡಿ ನಿಂತಿತೋ? ಇದಕ್ಕೆ ಸರಿಯಾಗಿ ಉತ್ತರ ಹೇಳುವವರು ಕಮ್ಮಿ. ಓನರಿಗಿಂತ ಡ್ರೈವರ್ ಚೆನ್ನಾಗಿ ಹೇಳುತ್ತಾನೆ. ಪಕ್ಕದ ಸೀಟಿನಲ್ಲಿ ಕೂತಿದ್ದ ಮನೆಯವರು ಇನ್ನೂ ಚೆನ್ನಾಗಿ ಹೇಳುತ್ತಾರೆ, ಯಾಕೆಂದರೆ ಅವರು ಆ ಹೊತ್ತಿಗೆ ಗಾಡಿಯನ್ನು ಬೈಯುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು.

ಸ್ವಿಚ್ ಆಫ್ ಮಾಡಿದ ಹಾಗೆ ಟಕ್ಕಂತ ನಿಂತರೆ ಅದು ಹೆಚ್ಚುಕಡಿಮೆ ಪ್ಲಗ್ಗಿಗೆ ಕಿಡಿ ಕೊಡುವ ಕರೆಂಟಿನ ಕೆಲಸ. ಕಾರಣ ಸರಳ. ಪೆಟ್ರೋಲ್ ಬರುವುದು ನಿಂತರೂ ಕಾರ್ಬೊರೇಟರಿನ ಪುಟ್ಟ ತೊಟ್ಟಿಯಲ್ಲಿ, ಅಂದರೆ ಫ್ಲೋಟ್ ಚೇಂಬರಿನಲ್ಲಿ, ಒಂದಿಷ್ಟು ಉಳಿದಿರುತ್ತದೆ. ಅದು ತಳ ಕಾಣುವ ತನಕ ಎಂಜಿನ್ ಒದ್ದಾಡುತ್ತಾ ಓಡುತ್ತದೆ. ಕರೆಂಟಿಗೆ ಅಂಥ ಉಳಿತಾಯವಿಲ್ಲ. ಹೋಯಿತು ಅಂದರೆ ಹೋಯಿತು.

ಮೊದಲು ಎಳೆತ ಕಮ್ಮಿಯಾಗಿ, ಆಮೇಲೆ ಗಾಡಿ ಮುಗ್ಗರಿಸಿದ ಹಾಗಾಗಿ, ಕಾರ್ಬೊರೇಟರಿನಲ್ಲಿ ಪಟ್ ಪಟ್ ಎಂದು ಸೀನಿ, ಕೊನೆಗೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಒದ್ದಾಡುವಾಗ ಗಾಳಿ ಕಮ್ಮಿ ಮಾಡುವ ಚೋಕ್ ಅರ್ಧ ಎಳೆದು ನೋಡಿ. ಗಾಡಿ ಚೇತರಿಸಿಕೊಂಡರೆ ನಿಮ್ಮ ಅನುಮಾನ ಸರಿ. ಚೋಕ್ ಎಳೆದಾಗ ಇನ್ನೂ ಕೆಟ್ಟು ಹಿಂದೆ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತಿದೆ. ಒಳಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ಕೂರುತ್ತಿಲ್ಲ, ಅಥವಾ ಹಿತ್ತಾಳೆ ಫ್ಲೋಟಿಗೆ ಸೂಜಿಮೊನೆಯಷ್ಟು ತೂತು ಬಿದ್ದು ಒಳಗೆ ಪೆಟ್ರೋಲ್ ತುಂಬಿಕೊಂಡಿದೆ. ಫ್ಲೋಟ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಅನುಮಾನವಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ. ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ನೀರು ಸ್ಟವ್ ಮೇಲೆ ಇರುವಾಗ ಅದ್ದಬೇಡಿ. ಇಳಿಸಿಕೊಂಡು, ಬೆಂಕಿಯಿಂದ ದೂರ ತಂದು ಅದ್ದಿ.

ಇನ್ನೊಂದು ಪ್ರಶ್ನೆ ಇದರ ತಮ್ಮ. ನಿಂತ ಮೇಲೆ ಮತ್ತೆ ಸ್ಟಾರ್ಟ್ ಆಗಿದ್ದು ಯಾವಾಗ? ಎರಡು ನಿಮಿಷಕ್ಕೋ, ಅರ್ಧ ಗಂಟೆಗೋ? ಅರ್ಧ ಗಂಟೆ ಬೇಕಾಯಿತು ಅಂದರೆ ಏನೋ ಒಂದು ತಣ್ಣಗಾಗಲು ಕಾಯುತ್ತಿತ್ತು. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್ ಇರಬಹುದು, ಅದರ ಜೊತೆ ಕೆಲಸ ಮಾಡುವ ಕಂಡೆನ್ಸರ್ ಇರಬಹುದು, ಪೈಪಿನಲ್ಲಿ ಆವಿಯಾದ ಪೆಟ್ರೋಲ್ ಇರಬಹುದು. ಎರಡೇ ನಿಮಿಷ ಸಾಕಾಯಿತು ಅಂದರೆ ಬಿಸಿಯ ಕಥೆ ಅಲ್ಲ. ಎಲ್ಲೋ ಅಡ್ಡ ಬಂದಿದ್ದು ಸರಿದಿದೆ.

ಈ ಎರಡು ನಿಮಿಷದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಮರ್ಯಾದೆ ಕಲಿಸಿದ ಜೀಪು ಅದು.

ಆಲ್ದೂರು ಕಡೆಯ ಒಬ್ಬ ಬೆಳೆಗಾರರದು. ಪೆಟ್ರೋಲ್ ಜೀಪು, ಎತ್ತರದ ಬಾನೆಟ್ಟಿನ ಸಿಜೆ 3ಬಿ. ಆ ಬಾನೆಟ್ ಯಾಕೆ ಅಷ್ಟು ಎತ್ತರ ಅಂತ ಹುಡುಗರು ಕೇಳುತ್ತಾರೆ. ಹಿಂದಿನ ಜೀಪುಗಳ ವಿಲ್ಲಿಸ್ ಕಂಪನಿ ಎಂಜಿನ್ನಿನಲ್ಲಿ ಎರಡೂ ವಾಲ್ವ್ ಬ್ಲಾಕಿನ ಪಕ್ಕದಲ್ಲೇ ಇದ್ದವು. ಈ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವನ್ನು ಹೆಡ್ಡಿಗೆ ಏರಿಸಿದರು, ಹೊಗೆ ಬಿಡುವ ವಾಲ್ವ್ ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತಬೇಕಾಯಿತು. 2199 ಸಿಸಿ, ನಾಲ್ಕು ಸಿಲಿಂಡರ್. ಅಮೆರಿಕದಲ್ಲಿ 1953ರಲ್ಲಿ ಶುರುವಾದ ಈ ಮಾಡೆಲ್ ಅಲ್ಲಿ 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರಾದವರು ಅದರ ನಂತರವೂ ವರ್ಷಗಟ್ಟಲೆ ಮಾಡಿದರು. ಹಾಗಾಗಿಯೇ ಮಲೆನಾಡಿನ ತೋಟಗಳಲ್ಲಿ ಇವು ಇನ್ನೂ ಉಸಿರಾಡುತ್ತಿವೆ.

ದೂರು ಇಷ್ಟು. ಊರಲ್ಲಿ ಓಡಿಸಿದರೆ ಚಿನ್ನದಂಥ ಗಾಡಿ. ಗಿರಿಯ ಬುಡದ ಕೈಮರ ದಾಟಿ ಮೇಲೆ ಏರಲು ಶುರು ಮಾಡಿದರೆ ಐದಾರು ಕಿಲೋಮೀಟರಿಗೆ ಎಳೆತ ಹೋಗುತ್ತದೆ, ಕೆಮ್ಮುತ್ತದೆ, ನಿಲ್ಲುತ್ತದೆ. ಕೆಳಗಿಳಿದು ಬಾನೆಟ್ ಎತ್ತಿ ಅದನ್ನು ಇದನ್ನು ಮುಟ್ಟಿ ಬಂದು ಸೆಲ್ಫ್ ಹೊಡೆದರೆ ಸ್ಟಾರ್ಟ್! ಹೀಗಾಗಿ ಯಾವುದನ್ನು ಮುಟ್ಟಿದರೋ ಅದೇ ಕಾರಣ ಎಂದು ತೋರುತ್ತಿತ್ತು. ನನ್ನ ಹತ್ತಿರ ಬರುವ ಹೊತ್ತಿಗೆ ಕಾರ್ಬೊರೇಟರ್ ಹೊಸದು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪ್ ಹೊಸದು, ಕಾಯಿಲ್ ಹೊಸದು, ಪ್ಲಗ್ಗುಗಳೂ ಹೊಸವು.

ನಾನೂ ಬುದ್ಧಿವಂತನ ಹಾಗೆ ಕಂಡೆನ್ಸರ್ ಬದಲಾಯಿಸಿ, ಕಿಡಿಗಾಗಿ ಕರೆಂಟ್ ಬಿಟ್ಟು ಕಡಿಯುವ ಪಾಯಿಂಟಿನ ಗ್ಯಾಪ್ ಇಟ್ಟು, "ಆಯ್ತು ಸಾರ್, ಇನ್ನು ತೊಂದರೆ ಇಲ್ಲ" ಎಂದೆ. ಭಾನುವಾರ ನೆಂಟರನ್ನು ಕೂರಿಸಿಕೊಂಡು ಹೋದರು. ಸೋಮವಾರ ಬಂದರು. ಬೈಯಲಿಲ್ಲ. ಕೀ ಟೇಬಲ್ ಮೇಲಿಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಆಗ ನಾನು ಕೂತು ಯೋಚಿಸಿದೆ, ಅದನ್ನು ಮೊದಲೇ ಮಾಡಬೇಕಿತ್ತು. ಕೆಮ್ಮಿ ನಿಲ್ಲುತ್ತದೆ, ಹಾಗಾದರೆ ಪೆಟ್ರೋಲ್. ಎರಡು ನಿಮಿಷಕ್ಕೆ ಸ್ಟಾರ್ಟ್, ಹಾಗಾದರೆ ಬಿಸಿ ಅಲ್ಲ. ಏರಿನಲ್ಲಿ ಮಾತ್ರ, ಹಾಗಾದರೆ ಪೆಟ್ರೋಲ್ ಜೋರಾಗಿ ಹರಿಯುವಾಗ ಮಾತ್ರ. ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ದಾರಿ ಉದ್ದ. ಎಲ್ಲಿ ಅಂತ ಹುಡುಕುವುದು? ದಾರಿಯನ್ನು ಎರಡು ತುಂಡು ಮಾಡುವುದೇ ಉಪಾಯ.

ಅದಕ್ಕೆ ಸಲೈನ್ ಬಾಟಲಿ ಇದೆಯಲ್ಲ. ಹಳೆ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಸಾಧನ. ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಎಂಜಿನ್ನಿನ ಬಿಸಿ ತಾಗದ ಹಾಗೆ ಎತ್ತರದಲ್ಲಿ ಕಟ್ಟಿ, ಪೈಪನ್ನು ನೇರ ಕಾರ್ಬೊರೇಟರಿಗೆ ಕೊಡುವುದು. ಟ್ಯಾಂಕು, ಲೈನು, ಪಂಪು ಮೂರೂ ಆಟದಿಂದ ಹೊರಗೆ. ನಿಂತ ಗಾಡಿಯಲ್ಲಿ ಪರೀಕ್ಷೆ ಮಾಡಲು ಇದು ಒಳ್ಳೆಯದು. ಓಡುವ ಗಾಡಿಯಲ್ಲಿ ಮಾಡಿ ಅಂತ ನಾನು ನಿಮಗೆ ಹೇಳುವುದಿಲ್ಲ. ಪೆಟ್ರೋಲ್ ಬಾಟಲಿ ಕಟ್ಟಿಕೊಂಡು ರಸ್ತೆಯಲ್ಲಿ ಹೋಗುವುದು ಹುಚ್ಚುತನ. ಆ ಹುಚ್ಚುತನವನ್ನು ನಾನು ಅವತ್ತು ಮಾಡಿದೆ. ಬೆಂಕಿ ನಂದಿಸುವ ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗ ಪಕ್ಕದಲ್ಲಿ ಕೂತಿದ್ದ. ಕೈಮರದ ತನಕ ಟ್ಯಾಂಕಿನ ಪೆಟ್ರೋಲ್, ಅಲ್ಲಿಂದ ಬಾಟಲಿ. ಅರ್ಧ ಲೀಟರಿನಲ್ಲಿ ಎಷ್ಟು ಏರಬಹುದೋ ಅಷ್ಟೂ ದೂರ ಜೀಪು ಒಮ್ಮೆಯೂ ಕೆಮ್ಮಲಿಲ್ಲ. ಬಾಟಲಿ ಖಾಲಿಯಾದ ಮೇಲೆ ಟ್ಯಾಂಕಿಗೆ ಜೋಡಿಸಿದೆವು. ಎರಡು ತಿರುವು ಕಳೆಯುವುದರೊಳಗೆ ಹಳೆಯ ರಾಗ.

ಪಂಪ್ ಹೊಸದು, ಲೈನಿನಲ್ಲಿ ಗಾಳಿ ಊದಿದರೆ ಸರಾಗ. ಉಳಿದಿದ್ದು ಟ್ಯಾಂಕ್. ಡ್ರೈವರ್ ಸೀಟಿನ ಕೆಳಗಿನ ಟ್ಯಾಂಕ್ ಇಳಿಸಿ ಪೆಟ್ರೋಲ್ ಬಸಿದೆವು. ಒಳಗಿನಿಂದ ಐದು ರೂಪಾಯಿ ನಾಣ್ಯದಷ್ಟು ಅಗಲದ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆ ಹೊರಗೆ ಬಂತು. ಕ್ಯಾನಿನ ಮುಚ್ಚಳದ ಒಳಗಿರುತ್ತದಲ್ಲ, ಆ ಸೀಲು. ತೋಟಕ್ಕೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಆಲಿಕೆ ಇಟ್ಟು ಸುರಿಯುವಾಗ ಯಾವತ್ತೋ ಒಳಗೆ ಬಿದ್ದಿದೆ. ಊರಲ್ಲಿ ಮೆಲ್ಲಗೆ ಓಡಿಸುವಾಗ ಅದು ತನ್ನ ಪಾಡಿಗೆ ತೇಲಾಡುತ್ತಿತ್ತು. ಏರಿನಲ್ಲಿ ಪಂಪ್ ಜೋರಾಗಿ ಎಳೆದಾಗ ಪೈಪಿನ ಬಾಯಿಗೆ ಬಂದು ಅಂಟುತ್ತಿತ್ತು. ಎಂಜಿನ್ ನಿಂತು ಎಳೆತ ಬಿಟ್ಟ ಕೂಡಲೇ ಕಳಚಿಕೊಳ್ಳುತ್ತಿತ್ತು. ಅಷ್ಟೇ.

ಬಿಲ್ಲೆಯನ್ನು ಅವರ ಕೈಗೆ ಕೊಟ್ಟೆ. "ಇದಕ್ಕಾ ಇಷ್ಟು ಖರ್ಚಾಗಿದ್ದು?" ಎಂದರು. ಹೊಸ ಕಾರ್ಬೊರೇಟರಿನ ದುಡ್ಡು ನಾನು ತಗೊಂಡಿರಲಿಲ್ಲ, ಆದರೂ ತಲೆ ಬಗ್ಗಿಸಿಕೊಂಡೇ ನಿಂತಿದ್ದೆ.

ಇದರದೇ ಜಾತಿಯ ಇನ್ನೊಂದು ಕಾಯಿಲೆ ಟ್ಯಾಂಕಿನ ಮುಚ್ಚಳದ್ದು. ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ದಾರಿ ಇರುತ್ತದೆ. ಮಳೆಗಾಲದಲ್ಲಿ ಗಾಡಿ ಮೂರು ತಿಂಗಳು ಶೆಡ್ಡಿನಲ್ಲೇ ಇದ್ದರೆ ಕಣಜದ ಹುಳ ಬಂದು ಅಲ್ಲಿ ಮಣ್ಣು ಮೆತ್ತುತ್ತದೆ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬಾರದೆ ಪಂಪಿಗೆ ಎಳೆಯಲು ಆಗುವುದಿಲ್ಲ. ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ. ಬುಸ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿದರೆ ಕಾಯಿಲೆ ಸಿಕ್ಕಿತು. ಅಂಗಡಿಯಲ್ಲಿ ಅಳತೆ ಕೂರುತ್ತದೆ ಅಂತ ಬೇರೆ ಗಾಡಿಯ ಮುಚ್ಚಳ ತಂದು ಹಾಕುವವರಿಗೂ ಇದೇ ಗತಿ. ಎಲ್ಲ ಮುಚ್ಚಳಕ್ಕೂ ಗಾಳಿದಾರಿ ಇರುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು: "ಗಿರಿ ಏರುವಾಗ ಎಲ್ಲ ಗಾಡಿಯೂ ಸ್ವಲ್ಪ ಎಳೆತ ಕಳೆದುಕೊಳ್ಳುತ್ತಲ್ಲ, ಅದೂ ಕಾಯಿಲೆನಾ?"

ಒಳ್ಳೆ ಪ್ರಶ್ನೆ. ಅದು ಕಾಯಿಲೆ ಅಲ್ಲ, ನಮ್ಮ ಊರಿನ ಎತ್ತರ. ಸಾವಿರ ಮೀಟರ್ ಏರಿದರೆ ಹಳೆ ಎಂಜಿನ್ನಿನ ಶಕ್ತಿ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಗಾಳಿ ತೆಳುವಾಗುತ್ತದೆ, ಎಂಜಿನ್ ಒಂದು ಉಸಿರಿಗೆ ಎಳೆಯುವ ಗಾಳಿ ಕಮ್ಮಿಯಾಗುತ್ತದೆ. ಚಿಕ್ಕಮಗಳೂರು ಪೇಟೆಯೇ ಸಮುದ್ರಕ್ಕಿಂತ ಸಾವಿರ ಮೀಟರಿನ ಮೇಲಿದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಕಾಗದದ ಮೇಲೆ ಎಪ್ಪತ್ತು ಚಿಲ್ಲರೆ ಕುದುರೆ ಇರುವ ಜೀಪಿನಲ್ಲಿ ಅಲ್ಲಿ ಅರವತ್ತರ ಹತ್ತಿರ ಉಳಿದಿರುತ್ತವೆ. ಅದೂ ಎಂಜಿನ್ ಹೊಸದರ ಹಾಗಿದ್ದರೆ.

ಎಂಜಿನ್ ಗಾಳಿ ಎಳೆಯುವ ಜೋರನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರು ಇಲ್ಲಿ ಮೋಸ ಹೋಗುತ್ತಾರೆ. ಪುಸ್ತಕದಲ್ಲಿ ಐಡ್ಲಿಂಗಿಗೆ 18ರಿಂದ 20 ಇಂಚು ಬರಬೇಕು ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆಯಬೇಕು. ನಾವು ಮೂರೂವರೆ ಸಾವಿರ ಅಡಿಯಲ್ಲಿದ್ದೇವೆ. ಇಲ್ಲಿ 15, 16 ಬಂದರೆ ಎಂಜಿನ್ ಗಟ್ಟಿಯಾಗಿದೆ ಎಂದರ್ಥ. ಇದು ಗೊತ್ತಿಲ್ಲದೆ ವಾಲ್ವ್ ಹೋಗಿದೆ ಎಂದು ಹೆಡ್ ಇಳಿಸಿದವರನ್ನು ನೋಡಿದ್ದೇನೆ.

ಎತ್ತರದ ಇನ್ನೊಂದು ಪರಿಣಾಮ, ಕಾರ್ಬೊರೇಟರ್ ಮಿಶ್ರಣ ಗಟ್ಟಿಯಾಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಜಾಸ್ತಿಯಾಗುತ್ತದೆ. ಗಾಳಿ ತೆಳುವಾದ ಲೆಕ್ಕಕ್ಕೆ ಸರಿಯಾಗಿ ಪೆಟ್ರೋಲ್ ಕಮ್ಮಿ ಮಾಡಲು ಹಳೆ ಕಾರ್ಬೊರೇಟರಿಗೆ ಬರುವುದಿಲ್ಲ. ಗಾಳಿ ನೂರಕ್ಕೆ ಹತ್ತು ಇಳಿದರೆ ಮಿಶ್ರಣ ಸುಮಾರು ಐದರಷ್ಟು ಗಟ್ಟಿ. ಈಗ ಇದಕ್ಕೆ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಕಥೆ ಸೇರಿಸಿ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲಿಗೆ ಈ ಲೆಕ್ಕ ಹದಿಮೂರೂವರೆಯ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಎಂಟೊಂಬತ್ತು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಹೋಗಬೇಕು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಅಂದರೆ ಹಳೆ ಜೆಟ್ಟಿನಲ್ಲಿ ಅದು ಹೋಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ.

ಒಂದು ಗಟ್ಟಿ ಮಾಡುತ್ತದೆ, ಇನ್ನೊಂದು ತೆಳು ಮಾಡುತ್ತದೆ. ಹಾಗಾಗಿ ಗಿರಿಯ ತುದಿಯಲ್ಲಿ ಎರಡೂ ಹೆಚ್ಚುಕಡಿಮೆ ಸರಿಹೋಗುತ್ತವೆ! ಚಿಕ್ಕಮಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಗಾಡಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದು ಉಜಿರೆ ಮುಟ್ಟಿದ ಮೇಲೆ ಸೀನಲು ಶುರು ಮಾಡಿದರೆ ಆಶ್ಚರ್ಯಪಡಬೇಡಿ. ಅಲ್ಲಿ ಎತ್ತರದ ಸಹಾಯ ಇಲ್ಲ, ಎಥನಾಲ್ ಒಂದೇ ಉಳಿದಿದೆ. ಘಾಟಿಯ ಕೆಳಗಿನ ಓಡಾಟವೇ ಜಾಸ್ತಿ ಇರುವವರು ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿ ಪ್ಲಗ್ಗಿನ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ತೆಳು, ಮಸಿಯಾದರೆ ಗಟ್ಟಿ, ಬಿಸ್ಕತ್ತಿನ ಬಣ್ಣವಿದ್ದರೆ ಮುಟ್ಟಬೇಡಿ.

ಎಥನಾಲಿನಿಂದ ನಿಜವಾದ ತೊಂದರೆ ಜೆಟ್ಟಿನದ್ದಲ್ಲ, ರಬ್ಬರಿನದ್ದು. ಹಳೆ ಕಾಲದ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಮ್ ಎಂಬ ಪೊರೆ ಇದನ್ನು ತಡೆಯುವುದಿಲ್ಲ. ಪೈಪ್ ಹೊರಗೆ ಚೆನ್ನಾಗಿರುತ್ತದೆ, ಒಳಗಿನ ಪದರ ಉಬ್ಬಿ ದಾರಿ ಕಿರಿದಾಗುತ್ತದೆ. ಎಥನಾಲ್ ತಡೆಯುವ ಪೈಪು ಸಿಗುತ್ತದೆ, ಮೀಟರಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟು ತನ್ನಿ. ಪಂಪಿನ ಡಯಾಫ್ರಮ್ ಹರಿದರೆ ಇನ್ನೂ ಕೆಟ್ಟದ್ದು, ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎತ್ತಿ ಮೂಸಿ ನೋಡಿ. ಆಯಿಲ್ ಲೆವೆಲ್ ತಾನಾಗಿ ಏರಿದ್ದರೆ ಖುಷಿಪಡಬೇಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಮತ್ತೆ ನಮ್ಮ ಮಳೆ. ಎಥನಾಲ್ ಗಾಳಿಯ ತೇವ ಕುಡಿಯುತ್ತದೆ. ಒಂದು ಮಟ್ಟಕ್ಕಿಂತ ನೀರು ಸೇರಿದರೆ ಎಥನಾಲು ನೀರು ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪೈಪು ಎಳೆಯುವುದೂ ತಳದಿಂದಲೇ ಅಲ್ವಾ? ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಿಂತ ಜೀಪು ಸ್ಟಾರ್ಟ್ ಆಗದಿದ್ದರೆ ಪಂಪಿನ ಗಾಜಿನ ಬಟ್ಟಲು ನೋಡಿ. ಎರಡು ಪದರವಾಗಿ ಗೆರೆ ಕಂಡರೆ ಪೂರ್ತಿ ಬಸಿಯುವುದೊಂದೇ ದಾರಿ.

ಈಗ ಕರೆಂಟಿನ ವಿಷಯ. ನನ್ನ ಅನುಭವದಲ್ಲಿ ಕಾರ್ಬೊರೇಟರ್ ಎಂದು ಬಂದ ಗಾಡಿಗಳಲ್ಲಿ ಅರ್ಧಕ್ಕೂ ಜಾಸ್ತಿ ಡೆಲ್ಕೊದ ರೋಗಿಗಳು. ಡೆಲ್ಕೊ ಅಂದರೆ ನಮ್ಮ ಕಡೆ ಡಿಸ್ಟ್ರಿಬ್ಯೂಟರ್, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಬ್ಬಿ, ಹೊಸ ಹುಡುಗರಿಗೆ ಹೇಳಿದೆ.

ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕರೆಂಟ್ ತೋರಿಸುವ ಆಮೀಟರ್ ಇದ್ದರೆ ಅದು ಬಿಟ್ಟಿ ಡಾಕ್ಟರ್. ಗಾಡಿ ನಿಂತಾಗ ಸ್ವಿಚ್ ಹಾಕಿ ಸೆಲ್ಫ್ ಹೊಡೆಯುತ್ತಾ ಮುಳ್ಳು ನೋಡಿ. ಸಣ್ಣಗೆ ನಡುಗಬೇಕು. ಪಾಯಿಂಟ್ ತೆರೆದು ಮುಚ್ಚುತ್ತಿದೆ, ಕರೆಂಟ್ ಹೋಗಿ ನಿಲ್ಲುತ್ತಿದೆ ಎಂದರ್ಥ. ಮುಳ್ಳು ಅಲ್ಲಾಡದೆ ಸೊನ್ನೆಯಲ್ಲೇ ಇದ್ದರೆ ಸ್ವಿಚ್ಚಿನಿಂದ ಡೆಲ್ಕೊ ತನಕ ಎಲ್ಲೋ ತಂತಿ ಬಿಟ್ಟಿದೆ, ಅಥವಾ ಪಾಯಿಂಟ್ ಸುಟ್ಟು ಮುಟ್ಟುತ್ತಿಲ್ಲ. ಒಂದೇ ಕಡೆ ವಾಲಿ ಕೂತರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್.

ಪಾಯಿಂಟ್ ಗ್ಯಾಪ್ ಈ ಜೀಪಿಗೆ 20 ಥೌ, ಪ್ಲಗ್ಗಿಗೆ 30. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಫೀಲರ್ ಗೇಜ್ ಇಲ್ಲದೆ ದಾರಿಯಲ್ಲಿ ಸಿಕ್ಕಿಬಿದ್ದರೆ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 25 ಥೌ ಅಂತ ನೆನಪಿಟ್ಟುಕೊಳ್ಳಿ. ಪಾಯಿಂಟಿಗೆ ಅದಕ್ಕಿಂತ ಒಂಚೂರು ಬಿಗಿ, ಪ್ಲಗ್ಗಿಗೆ ಒಂಚೂರು ಸಡಿಲ. ಮನೆ ಮುಟ್ಟಲು ಅಷ್ಟು ಸಾಕು.

ಕಂಡೆನ್ಸರ್ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಹಳೆಯದು ಕೆಲಸ ಮಾಡುತ್ತಿದ್ದರೆ ಬಿಚ್ಚಬೇಡಿ. ಈಗ ಬರುವ ಅಗ್ಗದವು ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಾಗ ಕೈ ಕೊಡುತ್ತವೆ. ಕೈ ಕೊಟ್ಟಾಗ ಪಾಯಿಂಟಿನ ನಡುವೆ ಹಳದಿ ಕಿಡಿ ಜೋರಾಗಿ ಹಾರುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತದೆ. ಡೆಲ್ಕೊ ಒಳಗೆ ತಿರುಗುವ ಅಗ್ಗದ ರೋಟರುಗಳದ್ದೂ ಇದೇ ಹಾಡು. ಒಳಗಿನ ರಿವೆಟ್‌ನಿಂದ ಕಿಡಿ ನೇರ ಶಾಫ್ಟಿಗೆ ಇಳಿದುಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ಕಾಯಿಲ್ ತರುವಾಗ ಮಲ್ಟಿಮೀಟರ್ ಒಯ್ಯಿರಿ. ಮಧ್ಯೆ ರೆಸಿಸ್ಟರ್ ಇಲ್ಲದ 12 ವೋಲ್ಟ್ ಗಾಡಿಗೆ ಸುಮಾರು 3 ಓಮ್‌ನ ಕಾಯಿಲ್ ಬೇಕು. ಒಂದೂವರೆ ಓಮ್‌ನದ್ದು ರೆಸಿಸ್ಟರ್ ಜೊತೆ ಬಳಸಲು ಮಾಡಿದ್ದು. ನೇರ ಹಾಕಿದರೆ ಅರ್ಧ ಗಂಟೆಗೆ ಕೈ ಇಡಲಾಗದಷ್ಟು ಕಾದು ಗಾಡಿ ನಿಲ್ಲುತ್ತದೆ, ಪಾಯಿಂಟೂ ಸುಡುತ್ತದೆ.

ಮಂಜಿನ ದಿನ, ಜಡಿಮಳೆಯ ದಿನ ಎಳೆತ ಹೋಗಿ ಮಿಸ್ಸಿಂಗ್ ಬಂದರೆ ಒಂದು ಕೆಲಸ ಮಾಡಿ. ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ ದೂರ ನಿಂತು ನೋಡಿ. ಡೆಲ್ಕೊ ಕ್ಯಾಪಿನ ಮೇಲೆ, ಪ್ಲಗ್ ವೈರುಗಳ ಮೈಮೇಲೆ ಸಣ್ಣ ನೀಲಿ ಕಿಡಿಗಳು ಮಿಣುಕು ಹುಳದ ಹಾಗೆ ಓಡಾಡುತ್ತವೆ. ಸಿಲಿಂಡರಿನೊಳಗೆ ಹೋಗಬೇಕಾದ ಶಕ್ತಿ ಅದು. ಕ್ಯಾಪ್ ಒಳಗೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಬಿದ್ದಿದ್ದರೆ ಕ್ಯಾಪ್ ಬದಲಾಯಿಸಿ. ಗೆರೆ ಇಲ್ಲದಿದ್ದರೆ ಒಣಬಟ್ಟೆಯಲ್ಲಿ ಒರೆಸಿದರೂ ಸಾಕು.

ಏರು ಮುಗಿದು ಸಮತಟ್ಟಾದ ರಸ್ತೆಯಲ್ಲೂ ಎಳೆತ ಇಲ್ಲ, ಮಿಸ್ಸಿಂಗೂ ಇಲ್ಲ, ಗಾಡಿಗೆ ಭಾರ ಹೊರಿಸಿದ ಹಾಗೆ ಆಗುತ್ತದೆ ಎನ್ನುವವರು ಮೊದಲು ಕೈಯಲ್ಲಿ ತಳ್ಳಿ ನೋಡಿ. ಮಳೆಗಾಲದಲ್ಲಿ ನಿಂತ ಗಾಡಿಯ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಎಂಜಿನ್ ಪಾಪ, ಅದರದ್ದೇನೂ ತಪ್ಪಿಲ್ಲ. ತಳ್ಳಿದರೆ ಸಲೀಸಾಗಿ ಹೋದರೆ ಸೈಲೆನ್ಸರ್ ನೋಡಿ. ಒಳಗಿನ ತಗಡು ತುಕ್ಕು ಹಿಡಿದು ಮುರಿದು ಅಡ್ಡ ಬಿದ್ದಿರುತ್ತದೆ, ಇಲ್ಲವೇ ಅಲ್ಲೂ ಕಣಜದ ಮನೆ. ಎಂಜಿನ್ನಿನಿಂದ ಹೊಗೆ ಹೊರಡುವ ಮ್ಯಾನಿಫೋಲ್ಡಿನ ಹತ್ತಿರ ಪೈಪ್ ಸಡಿಲಿಸಿ ಸ್ಟಾರ್ಟ್ ಮಾಡಿದರೆ ಊರಿಗೆಲ್ಲ ಕೇಳುವಷ್ಟು ಸದ್ದು ಬರುತ್ತದೆ, ಜೊತೆಗೆ ಹೋದ ಶಕ್ತಿಯೂ ಬರುತ್ತದೆ.

ವಾಲ್ವ್ ಬಗ್ಗೆ ಚಿಕ್ಕದಾಗಿ. ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಆ ಸೀಸ ವಾಲ್ವ್ ಸೀಟಿಗೆ ರಕ್ಷಣೆಯಾಗಿತ್ತು. ಈಗ ಹಳೆ ಎಂಜಿನ್ನುಗಳಲ್ಲಿ ಹೊಗೆ ಬಿಡುವ ವಾಲ್ವ್ ಮೆಲ್ಲಗೆ ಸೀಟಿನೊಳಗೆ ಇಳಿಯುತ್ತದೆ, ವಾಲ್ವಿಗೂ ಅದನ್ನು ತಳ್ಳುವ ಟ್ಯಾಪೆಟ್‌ಗೂ ನಡುವಿನ ಗ್ಯಾಪ್ ಕಮ್ಮಿಯಾಗುತ್ತಾ ಬರುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಟ್ಯಾಪೆಟ್ ಸದ್ದು ಕಮ್ಮಿಯಾಗಿದೆ, ಎಂಜಿನ್ ಸ್ಮೂತ್ ಆಗಿದೆ ಎಂದು ಖುಷಿಯಾಗಿರುವವರು ಒಮ್ಮೆ ಅಳೆಸಿ. ಹರಿಕೇನ್ ಎಂಜಿನ್ನಿಗೆ ತಣ್ಣಗಿರುವಾಗ ಇನ್‌ಲೆಟ್ 18, ಎಕ್ಸಾಸ್ಟ್ 16 ಥೌ.

ಡೀಸೆಲ್ ಎಂಜಿನ್ ಕೂರಿಸಿಕೊಂಡ ಜೀಪಿನವರು ನಗುತ್ತಿದ್ದೀರಿ. ನಿಮಗೆ ಕಿಡಿಯ ಗೋಳಿಲ್ಲ, ನಿಜ. ನಿಮ್ಮದು ಫಿಲ್ಟರ್ ಕಟ್ಟಿರುತ್ತದೆ, ಇಲ್ಲವೇ ಲೈನಿನಲ್ಲಿ ಗಾಳಿ ಎಳೆಯುತ್ತಿರುತ್ತದೆ. ಈ ಎರಡನ್ನು ನೋಡದೆ ಇಂಜೆಕ್ಟರ್ ಪಂಪ್ ಬಿಚ್ಚಲು ಯಾರಿಗೂ ಬಿಡಬೇಡಿ.

"ಬೇಸಿಗೆಯಲ್ಲಿ ಘಾಟಿ ಏರಿ ಟೀ ಕುಡಿಯಲು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ," ಎಂದರು ಒಬ್ಬರು. ಓಡುವಾಗ ಗಾಳಿ ಬೀಸಿ ತಂಪಾಗಿದ್ದ ಪಂಪು, ಪೈಪು ನಿಂತ ಮೇಲೆ ಕಾಯುತ್ತವೆ. ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ಆವಿ ಎಳೆಯಲು ಬರುವುದಿಲ್ಲ. ಎತ್ತರದಲ್ಲಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಒದ್ದೆ ಬಟ್ಟೆಯನ್ನು ಪಂಪಿಗೂ ಪೈಪಿಗೂ ಸುತ್ತಿ ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಪ್ರತಿ ಸಲವೂ ಹೀಗಾದರೆ ಪೈಪ್ ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಹೋಗಿದೆಯೇ ನೋಡಿ. ಯಾರೋ ರಿಪೇರಿ ಮಾಡುವಾಗ ಮೂಲ ದಾರಿ ಬಿಟ್ಟು ಸುಲಭದ ದಾರಿಯಲ್ಲಿ ಎಳೆದಿರುತ್ತಾರೆ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಜ್ಜನ ಜೀಪು ಹನ್ನೊಂದು ವರ್ಷದಿಂದ ಕಾಫಿ ಗೋಡೌನಿನಲ್ಲಿ ನಿಂತಿದೆ. ಹೊಸ ಬ್ಯಾಟರಿ ತಂದಿದ್ದೀವಿ. ಹಾಕಿ ಸೆಲ್ಫ್ ಹೊಡೀಬಹುದಾ ಅಂಕಲ್?"

ಬೇಡಮ್ಮ. ಬ್ಯಾಟರಿ ಪಕ್ಕಕ್ಕಿಡಿ. ಮೊದಲು ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಬಿಡಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಇನ್ನೆರಡು ದಿನ ಕಾಯಿರಿ. ಸಲೀಸಾಗಿ ತಿರುಗಿದರೆ ಎಂಜಿನ್ ಆಯಿಲ್ ಬದಲಾಯಿಸಿ. ಸೈಲೆನ್ಸರ್ ಬಾಯಿ, ಏರ್ ಕ್ಲೀನರ್ ಒಳಗೆ ಇಲಿ, ಕಣಜ ಏನಿದೆ ನೋಡಿ. ವೈರಿಂಗನ್ನು ಇಲಿ ಕಡಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಪಾಯಿಂಟಿನ ನಡುವೆ ದಪ್ಪ ಕಾಗದ ಎಳೆದು ಒರೆಸಿ. ಹನ್ನೊಂದು ವರ್ಷದ ಪೆಟ್ರೋಲ್ ಈಗ ವಾರ್ನಿಷ್ ಆಗಿರುತ್ತದೆ, ಅದು ಕಾರ್ಬೊರೇಟರಿಗೆ ಬಂದರೆ ಎಲ್ಲ ಜೆಟ್ಟೂ ಮುಚ್ಚುತ್ತದೆ. ಆದ್ದರಿಂದ ಟ್ಯಾಂಕಿನ ಲೈನ್ ಬಿಚ್ಚಿಡಿ. ಕಾರ್ಬೊರೇಟರ್ ಬಿಚ್ಚಿ ತೊಳೆದು, ಸಲೈನ್ ಬಾಟಲಿಯಲ್ಲಿ ಹೊಸ ಪೆಟ್ರೋಲ್ ಹಾಕಿ, ಗಾಡಿಯನ್ನು ಗೋಡೌನಿನಿಂದ ಹೊರಗೆ ತಳ್ಳಿ ನಿಲ್ಲಿಸಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟುಕೊಂಡು ಆಮೇಲೆ ಬ್ಯಾಟರಿ ಜೋಡಿಸಿ.

"ಟ್ಯಾಂಕು?" ಎಂದಳು.

ಅದನ್ನು ಕೆಳಗಿಳಿಸಿ ಇಡಿ. ನಾನೇ ಒಂದು ದಿನ ಬಂದು ಒಳಗೇನಿದೆ ನೋಡುತ್ತೇನೆ.